ಬರ್ಕೊಂಡ್ಯಾ ಮಗಾ?

ನಮ್ಮ ಅಡುಗೆಮನೆಯ ನೆಲ ಒಂದು ಮೂಲೆಯಲ್ಲಿ ತಗ್ಗು. ಕಲ್ಲು ಹಾಸಿದ ಮೇಸ್ತ್ರಿಗೆ ಆವತ್ತು ಏನೋ ಅವಸರವಿತ್ತಂತೆ. ಹಾಗಾಗಿ ಗ್ಯಾಸ್ ಸ್ಟೌವ್ ಇಟ್ಟಿರುವ ಟೇಬಲ್ಲು ಮನೆ ಕಟ್ಟಿದಾಗಿನಿಂದ ಕುಂಟುತ್ತಲೇ ಇದೆ. ಹೋದ ವಾರ ನನ್ನ ಹೆಂಡತಿ ರತ್ನ ಅಟ್ಟ ಗುಡಿಸುವಾಗ ಸ್ಪೈರಲ್ ಬೈಂಡಿಂಗಿನ ದಪ್ಪ ಪುಸ್ತಕವೊಂದನ್ನು ಕೆಳಗಿಳಿಸಿದಳು. ಧೂಳು ಕೊಡವಿ, ಕೈಯಲ್ಲಿ ತೂಗಿ ನೋಡಿ ಕೇಳಿದಳು.

"ಏನ್ರೀ, ಇದು ಬೇಕಾ? ಬ್ಯಾಡಾಂದ್ರೆ ಟೇಬಲ್ ಕಾಲ್ಗೆ ಕೊಡ್ತೀನಿ. ಸರ್ಯಾಗಿ ಅದೇ ದಪ್ಪ ಐತೆ."

ಅದು ನನ್ನ ಸಿನಿಮಾ ಸ್ಕ್ರಿಪ್ಟು. ನೂರಾ ಹನ್ನೆರಡು ಪುಟ. ಹೋದ ವರ್ಷ ಅವಳು ಹೀಗೆ ಕೇಳಿದ್ದರೆ ನಾನು ಎರಡು ದಿನ ಊಟ ಬಿಡುತ್ತಿದ್ದೆ. ಈ ಸಲ "ಕೊಡು" ಅಂದೆ. ಅವಳೇ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಈಗ ಟೇಬಲ್ಲು ಕುಂಟುವುದಿಲ್ಲ. ಹನ್ನೊಂದು ವರ್ಷದಲ್ಲಿ ಆ ಪುಸ್ತಕದ ಮೇಲೆ ಯಾರಾದರೂ ಇಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದರೆ ಅದು ಆ ಟೇಬಲ್ಲಿನ ಕಾಲು ಮಾತ್ರ.

ಯಾಕೆ ಕೊಟ್ಟೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ನಮ್ಮ ಕಾಮಸಮುದ್ರದ ಬಸ್ಸು ಇದ್ದಬದ್ದ ಹಳ್ಳಿಗೆಲ್ಲ ಮೂತಿ ತೋರಿಸಿಯೇ ಬಂಗಾರಪೇಟೆ ಸೇರುವುದು. ನನ್ನ ಮಾತೂ ಆ ರೂಟಿನದೇ, ತಾವು ಕಿಟಕಿ ಪಕ್ಕ ಕೂತುಕೊಳ್ಳಿ.

ನಾನು ಹುಟ್ಟಿದ್ದು ಕಾಮಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಮನೆಯಲ್ಲೂ ರೇಷ್ಮೆ ಹುಳ. ಹುಳ ದೊಡ್ಡ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹೆಂಗಸರು, ಮಕ್ಕಳು ಎಲ್ಲ ಕೂತು ಸೊಪ್ಪು ಹೆಚ್ಚುವಾಗ ಬೇಜಾರು ಕಳೆಯಲು ಒಂದು ಪದ್ಧತಿ ಇತ್ತು. ಯಾರು ಬಂಗಾರಪೇಟೆಗೋ ಕೆಜಿಎಫ್‌ಗೋ ಹೋಗಿ ಸಿನಿಮಾ ನೋಡಿ ಬಂದಿರುತ್ತಾರೋ ಅವರು ಅದನ್ನು ಮೊದಲಿಂದ ಕೊನೆಯವರೆಗೆ ಹೇಳಬೇಕು. ಹೇಳುವವರಿಗೆ ಸೊಪ್ಪು ಹೆಚ್ಚುವುದರಿಂದ ರಜೆ. ನನ್ನ ಚಿಕ್ಕಪ್ಪನ ಮಗ ವೆಂಕಟೇಶಿ ಎರಡೂವರೆ ಗಂಟೆಯ ಸಿನಿಮಾವನ್ನು ಮೂರು ಗಂಟೆ ಹೇಳುತ್ತಿದ್ದ. ಫೈಟು ಬಂದರೆ ಎದ್ದು ಕಂಬಕ್ಕೆ ಗುದ್ದುತ್ತಿದ್ದ. ಹೀರೋಯಿನ್ನಿನ ಅಳು ಬಂದರೆ ಅವನ ಕಣ್ಣಲ್ಲೇ ನೀರು. ಅವನು ಹೇಳಿದ ಎಷ್ಟೋ ಸಿನಿಮಾಗಳನ್ನು ಆಮೇಲೆ ನೋಡಿ ನನಗೆ ನಿರಾಸೆಯಾಗಿದೆ.

ಒಂದು ಸಲ ನನ್ನ ಸರದಿ ಬಂತು. ನಾನು ಶುರುಮಾಡಿದ್ದು ಹೀಗೆ: "ಮೊದ್ಲು ಸೆನ್ಸಾರ್ ಸರ್ಟಿಫಿಕೇಟ್ ತೋರಿಸ್ತಾರೆ. ಆಮೇಲೆ ಹೆಸರುಗಳು ಬತ್ತವೆ." ಹೆಸರುಗಳನ್ನೂ ಹೇಳಿದೆ. ಛಾಯಾಗ್ರಹಣದ ಹತ್ತಿರ ಬರುವ ಹೊತ್ತಿಗೆ ನನ್ನ ಅಜ್ಜಿ ಚಾಕು ಕೆಳಗಿಟ್ಟಳು.

"ಲೇ ನಾರಾಣಿ, ನೀನು ಏಳೋದ್ಕಿಂತ ಆ ಹುಳ ಸೊಪ್ಪು ತಿನ್ನೋ ಸದ್ದೇ ಚೆನ್ನಾಗೈತೆ ಕಣ್ಲಾ. ಓಗು, ಓಗಿ ಸೊಪ್ಪು ಕೊಯ್ಕೊಂಡು ಬಾ."

ಆವತ್ತೇ ತೀರ್ಮಾನಿಸಿದೆ, ನನ್ನದು ಬಾಯಿಯ ದಾರಿಯಲ್ಲ, ಕೈಯ ದಾರಿ ಅಂತ. ಕಾಗದ ಆಕಳಿಸುವುದಿಲ್ಲ, ಸೊಪ್ಪು ಕೊಯ್ಯಲೂ ಅಟ್ಟುವುದಿಲ್ಲ. ಆದರೆ ಕನ್ನಡ ಸಿನಿಮಾ ಜಗತ್ತು ನಡೆಯುವುದು ಥೇಟ್ ನಮ್ಮ ಹುಳದ ಮನೆಯ ಪದ್ಧತಿಯಲ್ಲೇ ಅಂತ ನನಗೆ ಯಾರು ಹೇಳಬೇಕು? ಅಲ್ಲಿ ಯಾರೂ ಓದುವುದಿಲ್ಲ. ಕಥೆಯನ್ನು ಬಾಯಲ್ಲಿ ಹೇಳಬೇಕು. ಅದಕ್ಕೆ ಅವರು ನರೇಷನ್ ಅನ್ನುತ್ತಾರೆ. ಇಷ್ಟು ಗೊತ್ತಾಗುವುದಕ್ಕೆ ನನಗೆ ನೂರಾ ಹನ್ನೆರಡು ಪುಟ ಹಿಡಿಯಿತು.

ಸ್ಕ್ರಿಪ್ಟು ಬರೆದವನು ಅದನ್ನು ಓದಿಸಲು ಏನೇನು ಮಾಡಬಹುದೋ ಎಲ್ಲ ಮಾಡಿದ್ದೇನೆ. ಹೊಸಬರು ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ. ಮೊದಲು ಬಂಗಾರಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದೆ. ಒಬ್ಬಳು ಹುಡುಗಿ ಹದಿನೆಂಟು ದಿನ ಕೂತು ಟೈಪು ಮಾಡಿದಳು. ಕೊನೆಯ ದಿನ ಧೈರ್ಯ ಮಾಡಿ "ಹೆಂಗಿದೆಯಮ್ಮಾ ಕಥೆ?" ಅಂದೆ. "ನಾನು ಅಕ್ಷರ ನೋಡ್ತೀನಣ್ಣಾ, ಓದಲ್ಲ" ಅಂದಳು. ನನ್ನ ಮುಂದಿನ ಹನ್ನೊಂದು ವರ್ಷವನ್ನು ಆ ಮಗು ಒಂದೇ ಮಾತಲ್ಲಿ ಹೇಳಿಬಿಟ್ಟಿತ್ತು. ಆಮೇಲೆ ಐದು ಪ್ರತಿ ತೆಗೆಸಿ, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು ಪೂಜೆ ಮಾಡಿದೆವು. ರತ್ನ ಪ್ರತಿಯೊಂದರ ನಲವತ್ತನೇ ಪುಟದಲ್ಲಿ ಒಂದು ಚಿಟಿಕೆ ಅಕ್ಷತೆ ಇಟ್ಟಳು. ನಲವತ್ತೇ ಯಾಕೆ ಅಂದರೆ, "ಅಷ್ಟೊತ್ತಿಗೆ ಓದೋರ್ಗೆ ಬೇಜಾರಾಗಿರ್ತದೆ, ದೇವ್ರು ಅಲ್ಲಿ ಕೈ ಇಡೀಲಿ" ಅಂದಳು.

ಆ ಅಕ್ಷತೆಯೇ ನನಗೆ ಶತ್ರುವಾಯಿತು. ಗಾಂಧಿನಗರದ ಆಫೀಸುಗಳಿಂದ ನಾಲ್ಕು ತಿಂಗಳು, ಆರು ತಿಂಗಳು ಬಿಟ್ಟು ಪುಸ್ತಕ ವಾಪಸು ತಂದು ನಲವತ್ತನೇ ಪುಟ ತೆಗೆದರೆ ಅಕ್ಕಿಕಾಳು ಇಟ್ಟ ಜಾಗದಲ್ಲೇ ಮಲಗಿರುತ್ತಿತ್ತು. "ಓದಿದೆ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು" ಅಂದ ಮಹಾನುಭಾವರ ಪ್ರತಿಯಲ್ಲೂ ಇತ್ತು. ಒಂದೇ ಒಂದು ಪ್ರತಿಯಲ್ಲಿ ಅಕ್ಷತೆ ಇರಲಿಲ್ಲ. ಅಲ್ಲೇ ಬಸ್‌ಸ್ಟಾಪಿನಲ್ಲಿ ನನ್ನ ಕಣ್ಣು ತುಂಬಿ ಬಂತು. ಮನೆಗೆ ಬಂದು ಸರಿಯಾಗಿ ನೋಡಿದರೆ ನಲವತ್ತನೇ ಪುಟದ ಅಂಚೂ ಇರಲಿಲ್ಲ. ಇಲಿ ತಿಂದಿತ್ತು. ಆಮೇಲೆ ವಾಟ್ಸಾಪು ಬಂತು. ಪಿಡಿಎಫ್ ಕಳಿಸಿ ಕಾಯುತ್ತಿದ್ದೆ. ಎರಡು ಬೂದು ಗೀಟುಗಳು ಬೀಳುತ್ತಿದ್ದವು. ಓದಿದರೆ ಅವು ನೀಲಿಯಾಗಬೇಕು, ಅದನ್ನು ಮಾತ್ರ ನಾನು ನೋಡಲಿಲ್ಲ.

ಈಗ ಮಣಿಯ ವಿಷಯಕ್ಕೆ ಬರುತ್ತೇನೆ. ಬರಬೇಕು, ಇಲ್ಲದಿದ್ದರೆ ಹೀಗೇ ನಗುತ್ತಾ ತಪ್ಪಿಸಿಕೊಂಡುಬಿಡುತ್ತೇನೆ.

ನನಗೆ ಬೆಂಗಳೂರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ. ಮನೆ ಬಂಗಾರಪೇಟೆ. ದಿನಾ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಬೇಕು. ಅದು ನಮ್ಮೂರಿಗೆ ಬರುವ ಹೊತ್ತಿಗೆ ಕೆಜಿಎಫ್‌ನ ಜನವೇ ತುಂಬಿರುತ್ತದೆ. ಆದ್ದರಿಂದ ಅಲ್ಲಿಯವರ ಸ್ನೇಹ ಇಲ್ಲದವನಿಗೆ ಸೀಟಿಲ್ಲ. ನನಗೆ ಸೀಟು ಹಿಡಿಯುತ್ತಿದ್ದವನು ಮಣಿ. ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿ, ತನ್ನ ಕೆಂಪು ಟವೆಲನ್ನು ಪಕ್ಕದ ಸೀಟಿನ ಮೇಲೆ ಹಾಸಿ, ಯಾರು ಬಂದರೂ "ಆಳ್ ಬರ್ತಾರೆ ಸಾರ್" ಅನ್ನುತ್ತಿದ್ದ. ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು ರಿಪೇರಿ ಅವನ ಕೆಲಸ. "ನಮ್ಮಪ್ಪ ಕೆಳಗೆ ಹೋಗೋ ಲಿಫ್ಟು, ನಾನು ಮೇಲೆ ಹೋಗೋ ಲಿಫ್ಟು" ಅಂತ ನಗುತ್ತಿದ್ದ. ಅವನ ಅಪ್ಪ ಚಿನ್ನದ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಹೆಚ್ಚು ವರ್ಷ ಬದುಕಲಿಲ್ಲ. ಎದೆಯಲ್ಲಿ ಕಲ್ಲುಪುಡಿ ಕೂತಿತ್ತು.

ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ರೈಲಿನಲ್ಲಿ ಕನ್ನಡ, ಹೀಗೆ ಮಣಿಗೆ ಮೂರು ಬಾಯಿ. ಮೂರರಲ್ಲೂ ಕಥೆ ಹೇಳುತ್ತಿದ್ದ. ಅವನು ಶುರುಮಾಡಿದರೆ ಇಸ್ಪೀಟು ಆಡುವವರು ಎಲೆ ಕೆಳಗಿಡುತ್ತಿದ್ದರು, ಕಡಲೆಕಾಯಿ ಮಾರುವ ಮುನಿಯಮ್ಮ ಬುಟ್ಟಿ ಇಳಿಸಿ ಬಾಗಿಲ ಹತ್ತಿರ ಕೂರುತ್ತಿದ್ದಳು. ನನ್ನ ವೆಂಕಟೇಶಿಗಿಂತ ಒಂದು ಕೈ ಮೇಲು. ಅವನಿಗೆ ನನ್ನ ಸ್ಕ್ರಿಪ್ಟಿನ ಕಥೆಯನ್ನು ಟೇಕಲ್ಲು, ಮಾಲೂರು ಅಂತ ಸ್ಟೇಷನ್ನುಗಳು ದಾಟುತ್ತಾ ನಾಲ್ಕೈದು ದಿನದ ಕಂತಿನಲ್ಲಿ ಹೇಳಿದೆ. ಗಣಿಯ ಕಥೆ. ನಾನು ಗಣಿಯೊಳಗೆ ಇಳಿದವನಲ್ಲ. ಬಸ್ಸಿನ ಕಿಟಕಿಯಿಂದ, ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬ ನೋಡಿದ್ದೇ ನನ್ನ ಅನುಭವ. ಅದಕ್ಕೆ ನನ್ನ ಹೀರೋ ಭೂಮಿಯೊಳಗೆ ಹೆಲ್ಮೆಟ್ಟು ಬೀಸಿ ಹದಿನಾಲ್ಕು ಜನರನ್ನು ಹೊಡೆಯುತ್ತಿದ್ದ. ಮಣಿ ಬಾಯಿಬಿಟ್ಟು ಕೇಳಿದ. "ಸೂಪರ್ ಮಗಾ" ಅಂದ. "ನಮ್ಮಪ್ಪನ್ನೂ ಸ್ವಲ್ಪ ಹಾಕು ಇದ್ರಲ್ಲಿ" ಅಂದ.

"ಹಾಕೋಣ ಬಿಡು" ಅಂದೆ.

ಅವತ್ತಿಂದ ಅವನು ಆಗಾಗ ಅಪ್ಪನ ವಿಷಯ ತೆಗೆಯುತ್ತಿದ್ದ. ನನಗೋ ಬೆಳಗಿನ ರೈಲೆಂದರೆ ನಿದ್ದೆ. ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಅವನ ದನಿ ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಅಪ್ಪ ಬೂಟು ಹಾಕಿಕೊಂಡಿದ್ದು, ಅಮ್ಮ ಡಬ್ಬಿ ಕಟ್ಟಿದ್ದು, ಅಪ್ಪ ಗೇಟಿನ ಹತ್ತಿರ ಕೂತಿದ್ದು. ಗೇಟಿನ ಹತ್ತಿರ ಸುಮ್ಮನೆ ಕೂರುವ ಮುದುಕ ಎಲ್ಲಾದರೂ ಸಿನಿಮಾ ಆಗುತ್ತಾನೆಯೇ ಅಂತ ನಿದ್ದೆಯಲ್ಲೇ ಅಂದುಕೊಳ್ಳುತ್ತಿದ್ದೆ. ಹೇಳಿ ಮುಗಿಸಿ ಅವನು ನನ್ನ ಭುಜ ತಟ್ಟುತ್ತಿದ್ದ.

"ಬರ್ಕೊಂಡ್ಯಾ ಮಗಾ?"

"ಹ್ಞೂಂ, ಬರ್ಕೊಂಡೆ."

ಬ್ಯಾಗಿನಲ್ಲಿ ನೋಟ್‌ಬುಕ್ಕು ಇರುತ್ತಿತ್ತು. ಅದರಲ್ಲಿ ಹೀರೋ ಬರುವ ಸೀನನ್ನು ಏಳನೇ ಸಲ ತಿದ್ದುತ್ತಿದ್ದೆ.

ಮೊದಲ ನರೇಷನ್ ಸಿಕ್ಕಾಗ ಧೈರ್ಯಕ್ಕೆ ಮಣಿಯನ್ನು ಕರೆದುಕೊಂಡು ಹೋದೆ. ಲಾಡ್ಜಿನ ಮೇಲಿನ ಒಂದು ಆಫೀಸು. ನಿರ್ದೇಶಕರು ಊಟಕ್ಕೆ ಕೂತಿದ್ದರು. "ಹೇಳ್ತಾ ಇರಿ, ಕೇಳ್ತಾ ಇರ್ತೀನಿ" ಅಂದರು. ನಾನು "ಸೀನ್ ಒಂದು, ಹೊರಾಂಗಣ, ಹಗಲು" ಅಂದೆ. ಅವರು ಮುದ್ದೆ ಮುರಿದರು. ಮೂರನೇ ಸೀನಿಗೆ ಬರುವಷ್ಟರಲ್ಲಿ ಸಾಲು ತಪ್ಪಿ ಎರಡನೇ ಸೀನನ್ನೇ ಮತ್ತೆ ಓದತೊಡಗಿದೆ. ಆಗ ಮಣಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಎದ್ದು ನಿಂತ. ಎರಡು ನಿಮಿಷದಲ್ಲಿ ನಿರ್ದೇಶಕರ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. ನಾನೇನು ಮಾಡಿದೆ ಗೊತ್ತೇ? "ಅಲ್ಲ ಮಣಿ, ಅದು ಬರೋದು ಹದಿನೇಳನೇ ಸೀನಲ್ಲಿ" ಅಂದೆ. ಇನ್ನೂ ಎರಡು ಸಲ ತಿದ್ದಿದೆ. ತುತ್ತು ಬಾಯಿಗೆ ಹೋಯಿತು. "ನೀವಿಬ್ರೂ ಮೊದ್ಲು ಮಾತಾಡ್ಕೊಂಡು ಬನ್ನಿ" ಅಂದರು.

ಮೆಟ್ಟಿಲಿಳಿಯುವಾಗ ಮಣಿ ಬೈಯಲಿಲ್ಲ. "ಇನ್ಮೇಲೆ ನೀನು ಒಳಗೆ ಬರ್ಬೇಡ ಮಗಾ. ನೀನು ಬರಿ, ನಾನು ಹೇಳ್ತೀನಿ" ಅಂದ.

ಆಮೇಲಿನ ವರ್ಷಗಳಲ್ಲಿ ನನ್ನ ಜಾಗ ಹೊರಗಿನ ಬೆಂಚು. ರಜೆ ಹಾಕಿ ಇಬ್ಬರೂ ಹೋಗುವುದು, ಅವನು ಪುಸ್ತಕ ಹಿಡಿದು ಒಳಗೆ, ನಾನು ಚಪ್ಪಲಿಗಳ ಜೊತೆ ಹೊರಗೆ. ಬಾಗಿಲ ಸಂದಿಯಿಂದ ಕಂಡಷ್ಟು ನೋಡುತ್ತಿದ್ದೆ. ಅವನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಆಗಾಗ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುತ್ತಾ ಹೇಳುತ್ತಿದ್ದ. ನನ್ನ ಅಕ್ಷರಗಳೇ ಅವನ ಬಾಯಿಂದ ಹೊರಬರುತ್ತಿವೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಒಳಗೆ ನಗು ಕೇಳುತ್ತಿತ್ತು. ಆಮೇಲೆ ಕೊನೆಯಲ್ಲಿ ಪ್ರತಿ ಸಲವೂ ಒಂದು ಮೌನ ಬೀಳುತ್ತಿತ್ತು, ಫ್ಯಾನಿನ ಸದ್ದು ಮಾತ್ರ. ಅದು ನನ್ನ ಕ್ಲೈಮ್ಯಾಕ್ಸಿನ ಭಾಷಣದ ಪ್ರಭಾವ ಅಂದುಕೊಂಡೆ. ಹೊರಗೆ ಬಂದು ಅವನು ಹೇಳುತ್ತಿದ್ದುದು ಒಂದೇ, "ಫೋನ್ ಮಾಡ್ತಾರಂತೆ." ಯಾರೂ ಮಾಡಲಿಲ್ಲ. ಒಬ್ಬರಿಗೆ ಬಜೆಟ್ಟಿಲ್ಲ, ಇನ್ನೊಬ್ಬರಿಗೆ ಹೀರೋ ಡೇಟ್ಸಿಲ್ಲ.

ಒಂದು ಪೊಂಗಲ್‌ಗೆ ಅವನ ಮನೆಗೆ ಹೋಗಿದ್ದೆ. ಕೋರಮಂಡಲ್‌ನಲ್ಲಿ ಗಣಿ ಕೆಲಸಗಾರರ ಹಳೆಯ ಸಾಲುಮನೆ. ತಗ್ಗು ಬಾಗಿಲು, ಶೀಟಿನ ಮಾಡು. ಹೆಂಡತಿ ಕಲಾ, ಒಬ್ಬಳೇ ಮಗಳು ದಿವ್ಯ. ಒಳಗೆ ಹೋದವನೇ ಗೋಡೆಯಲ್ಲಿದ್ದ ಒಂದು ಮೊಳೆಗೆ ನನ್ನ ಬ್ಯಾಗು ತಗಲಿಸಿದೆ. ಮಣಿ ತಕ್ಷಣ ಎದ್ದು ಅದನ್ನು ತೆಗೆದು ಕುರ್ಚಿಯ ಮೇಲಿಟ್ಟ. "ಆ ಮೊಳೆ ಬೇಡ ಮಗಾ" ಅಂದ. ಮೊಳೆ ಸಡಿಲವಿರಬೇಕು ಅಂದುಕೊಂಡೆ. ಅದರಲ್ಲಿ ಮೊದಲೇ ಏನೋ ಒಂದು ಹಿತ್ತಾಳೆಯ ಬಿಲ್ಲೆ ನೇತಾಡುತ್ತಿತ್ತು. ದನದ ಕೊರಳಿನದೋ ಏನೋ ಅನ್ನಿಸಿತು.

ಎರಡು ವರ್ಷದ ಹಿಂದೆ ಅವನ ದನಿ ಒಡೆಯಿತು. ಕಥೆ ಹೇಳಿ ಹೇಳಿ ಹೀಗಾಗಿದೆ ಅಂತ ರೈಲಿನವರೆಲ್ಲ ತಮಾಷೆ ಮಾಡಿದೆವು. ಜೇನುತುಪ್ಪ, ಶುಂಠಿ, ಮುನಿಯಮ್ಮನ ಮೆಣಸಿನ ಕಷಾಯ ಎಲ್ಲ ಆಯಿತು. ಆ ಕೆಟ್ಟ ಗಂಟಲಲ್ಲೇ ಒಂದು ಕಡೆ ನರೇಷನ್ ಕೊಟ್ಟ, ವೆಬ್ ಸೀರೀಸ್ ಮಾಡುವವರ ಆಫೀಸು. ಹೊರಗೆ ಬಂದಾಗ ಅವನ ಕೈಯಲ್ಲಿ ಒಂದು ಲೋಟ ಇತ್ತು. "ಒಳಗೆ ಒಂದು ಹುಡುಗಿ ಬಿಸಿನೀರು ಕೊಟ್ಲು ಮಗಾ, ಕಣ್ಣೆಲ್ಲ ಒದ್ದೆ ಮಾಡ್ಕೊಂಡಿದ್ಲು" ಅಂದ. ಅದೇ ಅವನು ಹೇಳಿದ ಕೊನೆಯ ಕಥೆ. ಗಂಟಲಿನ ಗಂಟು ಕೆಟ್ಟ ಗಂಟು ಅಂತ ಡಾಕ್ಟರು ಹೇಳಿದರು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮೂರು ಬಾಯಿಯಿದ್ದವನಿಗೆ ಒಂದೂ ಉಳಿಯಲಿಲ್ಲ.

ನಾನು ಸ್ಕ್ರಿಪ್ಟನ್ನು ಅಟ್ಟಕ್ಕೆ ಹಾಕಿದೆ. ಅವನ ಕಾಯಿಲೆಯ ದುಃಖಕ್ಕೆ ಹಾಕಿದೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಇನ್ನು ನನ್ನ ಕಥೆ ಹೇಳುವವರು ಯಾರು ಅನ್ನುವ ದುಃಖವೂ ಅದರಲ್ಲಿ ಅರ್ಧ ಇತ್ತು.

ಹೋದ ವರ್ಷ ರೈಲಿಗೆ ಕಾಯುತ್ತಿದ್ದಾಗ ಒಂದು ಫೋನು ಬಂತು. "ನನ್ನ ಹೆಸರು ಅನುಷಾ ಅಂತ ಸರ್. ಆವತ್ತು ಮಣಿ ಸರ್‌ಗೆ ಬಿಸಿನೀರು ಕೊಟ್ಟವಳು." ಆಗ ಸಹಾಯಕಿಯಾಗಿದ್ದವಳು ಈಗ ಬೇರೆ ಕಡೆ ಕಥೆಗಳನ್ನು ಆರಿಸುವ ಕೆಲಸದಲ್ಲಿದ್ದಳು. "ಆ ಕಥೆ ನನ್ನ ತಲೆಯಿಂದ ಹೋಗಿಲ್ಲ ಸರ್. ಸ್ಕ್ರಿಪ್ಟ್ ಮೇಲ್ ಮಾಡಿ. ನಾನೇ ಕೂತು ಓದ್ತೀನಿ."

ಓದ್ತೀನಿ! ನಾನು ಪ್ಲಾಟ್‌ಫಾರ್ಮಿನಲ್ಲೇ ಕೂತುಬಿಟ್ಟೆ. ಕಳಿಸಿದೆ. ಒಂಬತ್ತು ದಿನಕ್ಕೆ ಅವಳು ಮತ್ತೆ ಫೋನು ಮಾಡಿದಳು. ನಲವತ್ತನೇ ಪುಟದಲ್ಲಿ ಏನಿದೆ ಅಂತ ಪರೀಕ್ಷೆ ಮಾಡುವ ಅಗತ್ಯವೇ ಬೀಳಲಿಲ್ಲ. ಅವಳು ಎಲ್ಲವನ್ನೂ ಓದಿದ್ದಳು.

"ಸರ್, ತಪ್ಪು ಫೈಲ್ ಕಳಿಸಿದೀರಾ?"

"ಇಲ್ಲಮ್ಮಾ, ಇದೇ."

"ಇದ್ರಲ್ಲಿ ಬಿಲ್ಲೆ ಎಲ್ಲಿ ಸರ್?"

"ಯಾವ ಬಿಲ್ಲೆ?"

ಮಣಿ ಹೇಳಿದ್ದ ಕಥೆಯನ್ನು ಅವಳೇ ನನಗೆ ಹೇಳಿದಳು. ಗಣಿಗೆ ಇಳಿಯುವವನು ಬೋರ್ಡಿನ ಮೊಳೆಯಿಂದ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು. ಮೇಲೆ ಬಂದಮೇಲೆ ಅದೇ ಮೊಳೆಗೆ ತಗಲಿಸಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ. ಗಣಿ ಮುಚ್ಚಿದ ಕೊನೆಯ ದಿನ ಮಣಿಯ ಅಪ್ಪ ಮೇಲೆ ಬಂದು ಬಿಲ್ಲೆ ತಗಲಿಸದೆ ಮನೆಗೆ ಬಂದುಬಿಟ್ಟರು. ಮಾರನೇ ದಿನದಿಂದ ಅದೇ ಹೊತ್ತಿಗೆ ಬೂಟು ಹಾಕಿ, ಡಬ್ಬಿ ಹಿಡಿದು, ಮುಚ್ಚಿದ ಗೇಟಿನ ಮುಂದೆ ಹೋಗಿ ಕೂರುತ್ತಿದ್ದರು. ಹೆಂಡತಿ ಒಂದು ಮಾತೂ ಕೇಳದೆ ದಿನಾ ಡಬ್ಬಿ ಕಟ್ಟಿದಳು. ಸಾಯುವ ದಿನ ಅವರು ದಿಂಬಿನ ಕೆಳಗಿಂದ ಬಿಲ್ಲೆ ತೆಗೆದು "ಇದನ್ನ ತಗಲಿಸಿ ಬಾ, ನಾನು ಮೇಲೆ ಬಂದೆ" ಅಂದರು. ಮಣಿ ಓಡಿದ. ಬೋರ್ಡನ್ನು ಯಾವಾಗಲೋ ಗುಜರಿಗೆ ಹಾಕಿದ್ದರು. ಅವನು ವಾಪಸು ಬಂದಾಗ ಅವನ ಅಮ್ಮ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯುತ್ತಿದ್ದಳು.

"ಅದನ್ನ ಹೇಳಿ ಮುಗಿಸಿದಾಗ ನಮ್ಮ ಆಫೀಸಲ್ಲಿ ಯಾರೂ ಮಾತಾಡಿರ್ಲಿಲ್ಲ ಸರ್" ಅಂದಳು ಅನುಷಾ. "ನಾನು ಹೇಳಿದ್ದು ಬರೀ ಎಲುಬು. ಅವ್ರು ಹೇಳಿದ್ದು ಬೇರೆ. ಅದನ್ನ ಬರ್ದು ಕಳಿಸಿ, ನಾನು ಮೇಲಿನವ್ರ ಹತ್ರ ಜಗಳ ಮಾಡಿಯಾದ್ರೂ ಓದಿಸ್ತೀನಿ."

ಭಾನುವಾರ ಕೋರಮಂಡಲ್‌ಗೆ ಹೋದೆ. ಮಣಿ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಕಾಯಿಲೆ ಶ್ವಾಸಕೋಶಕ್ಕೂ ಇಳಿದಿದೆ ಅಂತ ಕಲಾ ಬಾಗಿಲಲ್ಲೇ ಹೇಳಿದ್ದಳು. ಒಬ್ಬರು ನಿಜವಾಗಿ ಓದಿದರು ಅಂದಾಗ ಅವನ ಮುಖ ಅರಳಿತು, ಎರಡೂ ಕೈ ಎತ್ತಿ ಮುಗಿದ. ಬ್ಯಾಗು ಕೆಳಗಿಡುತ್ತಾ ಗೋಡೆ ನೋಡಿದೆ. ಬಿಲ್ಲೆ ಅಲ್ಲೇ ಇತ್ತು.

"ಮಣಿ, ಅವರು ಬಿಲ್ಲೆ ಸೀನು ಕೇಳ್ತಾ ಇದಾರೆ" ಅಂದೆ.

ಅವನು ಆಶ್ಚರ್ಯದಿಂದ ನನ್ನನ್ನು ನೋಡಿ, ತಲೆದೆಸೆಯಿಂದ ತನ್ನ ಪ್ರತಿ ತೆಗೆದ. ನರೇಷನ್ನಿಗೆ ಒಯ್ಯುತ್ತಿದ್ದ ಪ್ರತಿ, ಮಕ್ಕಳ ಪುಸ್ತಕದ ಹಾಗೆ ಕಂದು ಕಾಗದದ ರಟ್ಟು ಹಾಕಿಟ್ಟಿದ್ದ. ಅದರ ಮೇಲೆ ಬೆರಳು ಕುಟ್ಟಿದ. ಇದರಲ್ಲೇ ಇದೆಯಲ್ಲ ಅಂತ. ಪುಸ್ತಕವನ್ನು ಮಗಳ ಕೈಗೆ ಕೊಟ್ಟು, ಓದು ಅಂತ ಸನ್ನೆ ಮಾಡಿದ.

"ಅವ್ನೇ ತೆಗೆದು ತೋರಿಸ್ಲಿ ಬಿಡಮ್ಮಾ" ಅಂದೆ.

ದಿವ್ಯ ನನ್ನ ಮುಖ ನೋಡಿದಳು. "ಅಪ್ಪಂಗೆ ಕನ್ನಡ ಓದೋಕೆ ಬರಲ್ಲ ಅಂಕಲ್. ಅವ್ರು ಓದಿದ್ದು ತಮಿಳು ಸ್ಕೂಲು. ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂದೇ ಸೀಟಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿದ್ದೇವೆ. ನಾನು ಕನ್ನಡದಲ್ಲಿ ಮೆಸೇಜು ಕಳಿಸಿದರೆ ಅವನು ಬಾಯಲ್ಲಿ ಮಾತಾಡಿ ಕಳಿಸುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆ. ಎಂಜಲು ಹಚ್ಚಿ ತಿರುಗಿಸಿದ ಆ ಪುಟಗಳೆಲ್ಲ ಅವನಿಗೆ ಬರೀ ಗೀಚು.

ದಿವ್ಯ ಮೊದಲ ಪುಟ ತೆಗೆದು ಗಟ್ಟಿಯಾಗಿ ಓದಿದಳು. "ಕಥೆ, ಚಿತ್ರಕಥೆ, ಸಂಭಾಷಣೆ, ನಾರಾಯಣಸ್ವಾಮಿ." ಇನ್ನೊಂದು ಹೆಸರು ಇದೆಯೇನೋ ಅಂತ ಪುಟದ ಕೆಳಗಿನವರೆಗೂ ಹುಡುಕಿದಳು, ಹಿಂದೆ ತಿರುಗಿಸಿಯೂ ನೋಡಿದಳು. ಮಣಿ ಮುಂದೆ ಹೋಗು ಅಂತ ಕೈ ಆಡಿಸಿದ. ನನಗೆ ತಡೆಯಲಾಗಲಿಲ್ಲ. ಪುಸ್ತಕ ತೆಗೆದುಕೊಂಡು ನಾನೇ ಓದಿದೆ. ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ನೂರಾ ಹನ್ನೆರಡು ಪುಟವನ್ನೂ ಓದಿದೆ. ನನ್ನ ಅಜ್ಜಿ ಹೇಳಿದ್ದು ಸುಳ್ಳಲ್ಲ, ಓದಿದ್ದು ಕೆಟ್ಟದಾಗಿಯೇ. ಮಣಿ ಕಣ್ಣು ಮುಚ್ಚಿ ಕೇಳಿದ. ಫೈಟಿಗೆ ನಕ್ಕ. ಕೊನೆಯ ಪುಟ ಮುಗಿದ ಮೇಲೂ ಇನ್ನೂ ಇದೆ ಅನ್ನುವ ಹಾಗೆ ಕಾದ. ಆಮೇಲೆ, ಮಾತಿನ ಬದಲಿಗೆ ಇಟ್ಟುಕೊಂಡಿದ್ದ ಸ್ಲೇಟು ತೆಗೆದುಕೊಂಡು ತಮಿಳಿನಲ್ಲಿ ಬರೆದ. ದಿವ್ಯ ಅದನ್ನು ಓದಿ ನನಗೆ ಹೇಳಿದಳು.

"ಚೆನ್ನಾಗಿದೆ ಅಂತಾರೆ. ನಮ್ಮಪ್ಪ ಎಲ್ಲಿ ಅಂತ ಕೇಳ್ತಿದಾರೆ."

ಜೀವನದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿಲ್ಲ. ನನ್ನನ್ನು ಓದದೆ ಓದಿದೆ ಅಂದವರಿಗೆಲ್ಲ ಹನ್ನೊಂದು ವರ್ಷ ಶಾಪ ಹಾಕಿದ್ದೇನೆ. ಅವರಾದರೂ ಗುರುತಿಲ್ಲದವರು.

"ಬರ್ಕೊಂಡಿಲ್ಲ ಮಣಿ" ಅಂದೆ. "ಬರ್ಕೊಂಡೆ ಅಂತ ಸುಳ್ಳು ಹೇಳ್ತಿದ್ದೆ."

ಅವನು ಗೋಡೆಯ ಕಡೆ ತಿರುಗಿಕೊಂಡ. ಕತ್ತಿನ ಬಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ತುಂಬ ಹೊತ್ತಾದ ಮೇಲೆ ಈ ಕಡೆ ತಿರುಗಿ, ಸ್ಲೇಟು ಒರೆಸಿ, ಒಂದೇ ಸಾಲು ಬರೆದ.

"ಈಗ ಬರ್ಕೋ ಅಂತಾರೆ ಅಂಕಲ್."

ಮೂರು ಭಾನುವಾರ ಹೋದೆ. ಅವನು ಸ್ಲೇಟಿನಲ್ಲಿ ಬರೆಯುವುದು, ದಿವ್ಯ ಹೇಳುವುದು, ನಾನು ಬರೆದುಕೊಳ್ಳುವುದು. ನಾಲ್ಕು ಸಾಲಿಗೆ ಅವನ ಉಸಿರು ಸೋಲುತ್ತಿತ್ತು. ನಾ ಮುಂದು ತಾ ಮುಂದು ಅಂತ ನುಗ್ಗುತ್ತಿದ್ದ ಕಥೆ ಈಗ ಒಂದೊಂದೇ ಅಕ್ಷರ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಥೆ ಅಂತ ಬರೆದು ಅದರ ಮುಂದೆ ಅವನ ಹೆಸರು ಬರೆದೆ. ಆ ಕನ್ನಡ ಅಕ್ಷರಗಳನ್ನು ಅವನು ಬೆರಳಿನಿಂದ ಮುಟ್ಟಿ ನೋಡಿದ. ಕೊನೆಯ ದಿನದ ಬೆಳಿಗ್ಗೆ ಅಪ್ಪನ ಬೂಟಿನ ಲೇಸು ಹರಿದಿತ್ತು. ಅಮ್ಮ ಸೀರೆಯ ಅಂಚು ಹರಿದು ಕಟ್ಟಿಕೊಟ್ಟಳು. ಡಬ್ಬಿಯಲ್ಲಿ ನಿಂಬೆಕಾಯಿ ಚಿತ್ರಾನ್ನ. ಅಪ್ಪ ಮೊಳೆಯಿಂದ ಬಿಲ್ಲೆ ತೆಗೆದರು, ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡರು. ಲಿಫ್ಟಿನ ಬಾಗಿಲು ಹಾಕಿಕೊಂಡಿತು. ಇಳಿಯಿತು. ಅಲ್ಲಿಗೆ ಮಣಿ ಬಳಪ ಕೆಳಗಿಟ್ಟು, ಮುಂದಿನ ವಾರ ಅಂತ ಬೆರಳು ತೋರಿಸಿದ.

ಬುಧವಾರ ದಿವ್ಯ ಫೋನು ಮಾಡಿದಳು. ಅತ್ತಳು ಅಷ್ಟೆ.

ಮಣ್ಣಿಗೆ ರೈಲಿನವರೆಲ್ಲ ಬಂದಿದ್ದರು. ಮುನಿಯಮ್ಮ ಆ ಕೆಂಪು ಟವೆಲನ್ನು ಅವನ ಎದೆಯ ಮೇಲೆ ಹಾಸಿದಳು. ಆಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ. ಲಿಫ್ಟು ಇಳಿದ ಮೇಲೆ ಏನಾಯಿತು, ಮಣಿ ಹೇಗೆ ಹೇಳುತ್ತಿದ್ದ? ಕೆಳಗೆ ಎಲ್ಲರೂ ಕೂತು ಡಬ್ಬಿ ಹಂಚಿಕೊಂಡು ತಿಂದರು ಅಂದ ಒಬ್ಬ. ಅಪ್ಪ ಬಂಡೆಗೆ ಕೈಯಿಟ್ಟು ಏನೋ ಅಂದರು ಅಂದ ಇನ್ನೊಬ್ಬ, ಏನಂದರು ಅನ್ನುವುದು ಅವನಿಗೆ ನೆನಪಿಲ್ಲ. "ನಂಗೆ ಅಳು ಬಂದಿದ್ ನೆಪ್ಪೈತೆ ಸಾಮಿ, ಮಾತು ನೆಪ್ಪಿಲ್ಲ" ಅಂದಳು ಮುನಿಯಮ್ಮ. "ನಮ್ಗೆ ಮನೇಲಿ ಯಾವತ್ತೂ ಹೇಳ್ಲಿಲ್ಲ ಅಣ್ಣಾ. ಮೊಳೆ ಕಣ್ಮುಂದೆ ಇತ್ತಲ್ಲ" ಅಂದಳು ಕಲಾ. ನಾನೇ ಕಟ್ಟಿ ಒಂದು ಸಲ ಬರೆದೆ. ನಾನು ಬರೆದದ್ದರಲ್ಲಿ ಲಿಫ್ಟಿನಿಂದ ಇಳಿದ ತಕ್ಷಣ ಅಪ್ಪ ಭಾಷಣ ಶುರುಮಾಡಿದರು. ಆ ಹಾಳೆ ಹರಿದು ಹಾಕಿದೆ.

ಈಗ ನನಗೆ ಮಾಲೂರಿನವರೆಗೆ ಸೀಟು ಸಿಗುವುದಿಲ್ಲ. ನಿಂತೇ ಹೋಗುತ್ತೇನೆ, ನಿದ್ದೆಯೂ ಬರುವುದಿಲ್ಲ. ಬ್ಯಾಗಿನಲ್ಲಿರುವ ನೋಟ್‌ಬುಕ್ಕಿಗೆ ಬರೀ ಹನ್ನೊಂದು ಪುಟ ತುಂಬಿದೆ. ಅದರಲ್ಲಿ ಮಣಿಯ ಅಪ್ಪ ಕೆಳಗೆ ಇಳಿದಿದ್ದಾರೆ, ಇನ್ನೂ ಮೇಲೆ ಬಂದಿಲ್ಲ.

ನಿನ್ನೆ ಟೇಕಲ್ ದಾಟುವಾಗ ಅನುಷಾಳ ಮೆಸೇಜು ಬಂತು. "ಬರೆದ್ರಾ ಸರ್? ಓದೋಕೆ ಕಾಯ್ತಾ ಇದೀನಿ." ಒಂದು ಕೈಯಲ್ಲಿ ಸರಳು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಟೈಪು ಮಾಡಿದೆ: "ಇಲ್ಲಮ್ಮಾ, ಬರ್ಕೊಂಡಿಲ್ಲ." ಎರಡು ಬೂದು ಗೀಟು ಬಿದ್ದವು. ನಾನು ನೋಡುತ್ತಿದ್ದ ಹಾಗೇ ಎರಡೂ ನೀಲಿಯಾದವು.